ಬೇಚಿರಾಕ್ ಊರಿನ ತಕರಾರು

ಇದು ನಡೆದದ್ದು. ಕತೆ ಕಟ್ಟುವ ಅಭ್ಯಾಸ ನನಗಿಲ್ಲ. ನಾನು ಗ್ರಾಮ ಆಡಳಿತಾಧಿಕಾರಿ, ಹಳಬರ ಮಾತಿನಲ್ಲಿ ಹೇಳುವುದಾದರೆ ಶಾನುಭೋಗರ ಕೆಲಸ. ಹನ್ನೊಂದು ವರ್ಷದಿಂದ ಸ್ಥಳಕ್ಕೆ ಹೋಗಿ, ಕಂಡದ್ದನ್ನು ಬರೆದು, ಕೆಳಗೆ ಸಹಿ ಹಾಕಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಇದಕ್ಕೂ ಸಹಿ ಹಾಕು ಎಂದರೆ ಹಾಕುತ್ತೇನೆ. ನಂಬುವುದು ಬಿಡುವುದು ನಿಮ್ಮ ಪಾಡು.

ಯಾವ ತಾಲ್ಲೂಕು ಎಂದು ಮಾತ್ರ ಕೇಳಬೇಡಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ಮೂರರ ಗಡಿಗಳೂ ಹತ್ತಿರ ಹತ್ತಿರ ಬರುವ ಕಡೆ ಒಂದು ಕಲ್ಲುಗುಡ್ಡವಿದೆ. ಅದರ ಬುಡದಲ್ಲಿ ಸಿಂಗಾರಿಕೊಪ್ಪಲು ಎಂಬ ಊರು. ನಕ್ಷೆಯಲ್ಲಿದೆ, ಸರ್ವೆ ನಂಬರುಗಳಿವೆ, ಎಲ್ಲೆಕಲ್ಲುಗಳೂ ಇವೆ. ಜನ ಮಾತ್ರ ಇಲ್ಲ. ಇಂಥ ಊರನ್ನು ಕಂದಾಯದ ಲೆಕ್ಕದಲ್ಲಿ ಬೇಚಿರಾಕ್ ಗ್ರಾಮ ಎನ್ನುತ್ತಾರೆ, ಅಂದರೆ ದೀಪ ಹಚ್ಚುವವರಿಲ್ಲದ ಊರು. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಖಾಲಿಯಾಯಿತಂತೆ. ಉಳಿದದ್ದು ಒಂದು ಅಮ್ಮನ ಗುಡಿ. ನಾಲ್ಕು ಕಲ್ಲುಕಂಬ, ಮೇಲೊಂದು ಚಪ್ಪಡಿ, ಅಷ್ಟೆ.

ಆ ಗುಡ್ಡದ ಮೇಲೆ ಒಬ್ಬ ಕ್ರಷರ್ ಮಾಲೀಕನ ಕಣ್ಣು ಬಿತ್ತು. ಪೂಜೆ ನಡೆಯುವ ಗುಡಿ ಪಕ್ಕದಲ್ಲೇ ಇದ್ದರೆ ಬಂಡೆ ಸಿಡಿಸಲು ಅನುಮತಿ ಸಿಗುವುದು ಕಷ್ಟ. ಹಾಗಾಗಿ ನನ್ನ ಮಹಜರಿನಲ್ಲಿ, ಎಂದರೆ ಸ್ಥಳದಲ್ಲೇ ನಿಂತು ಬರೆಯುವ ವರದಿಯಲ್ಲಿ, ಅವನಿಗೆ ಎರಡು ಸಾಲು ಬೇಕಿತ್ತು. ಊರಲ್ಲಿ ಜನವಸತಿ ಇಲ್ಲ. ಗುಡಿಗೆ ಪೂಜೆ ಇಲ್ಲ. ಈ ಎರಡು ಸಾಲು ಬಿದ್ದರೆ ಗುಡಿ ಜಲ್ಲಿಕಲ್ಲಾಗುತ್ತದೆ.

"ಅಲ್ಲೀಗಂಟ ಯಾಕವ್ವ ಓಯ್ತೀಯ? ಇಲ್ಲೇ ಓಟ್ಲಲ್ಲಿ ಕೂತ್ಕಂಡು ಬರದ್ಬುಡು. ಸಾಕ್ಸಿ ಸೈನ್ ಆಕೋ ಪಂಚರ್‍ನ ನಾನೇ ಕರುಸ್ತೀನಿ," ಎಂದರು ನನ್ನ ಮೇಲಿನ ಅಧಿಕಾರಿ, ಕಂದಾಯ ನಿರೀಕ್ಷಕರು. ಮುಂದೆ ಎರಡು ಟೀ ಇತ್ತು.

"ನೋಡ್ದೆ ಬರೆಯಲ್ಲ ಸಾರ್."

"ನೋಡಕ್ಕೇನೈತೆ? ಪಾಳು ಗುಡಿ."

"ಪಾಳಾಗಿದ್ರೆ ಪಾಳು ಅಂತ್ಲೇ ಬರೀತೀನಿ. ನೋಡ್ಬುಟ್ಟು."

ಅವರು ಟೀ ಕುಡಿದು ಲೋಟ ಕೆಳಗಿಟ್ಟರು. "ಗಂಜಾಮಿಂದ ಓಡಾಡಕ್ಕೆ ನಿಂಗೆ ಈ ಸರ್ಕಲ್ಲೇ ಅನುಕೂಲ, ಅಲ್ವಾ?" ಎಂದು ನಕ್ಕರು.

ಗಂಜಾಮಿನಲ್ಲಿ ನನ್ನ ಮನೆ; ಹೇಳಿದಂತೆ ಬರೆಯದಿದ್ದರೆ ದೂರಕ್ಕೆ ವರ್ಗ ಎಂದು ಆ ಮಾತಿನ ಅರ್ಥ. ನನಗೆ ಮೈ ಉರಿದುಹೋಯಿತು. ಕಂಡದ್ದು ಕಂಡಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತಾರಲ್ಲ, ಇಲ್ಲಿ ಕಾಣುವುದಕ್ಕೇ ಬಿಡುತ್ತಿಲ್ಲ. ಹಾಗಂತ ನಾನು ಭಕ್ತೆ ಎಂದುಕೊಳ್ಳಬೇಡಿ. ನಿಮಿಷಾಂಬ ಗುಡಿಯ ಹತ್ತಿರವೇ ಮನೆಯಿದ್ದರೂ ನೆಂಟರು ಬಂದಾಗ ಮಾತ್ರ ಒಳಗೆ ಹೋಗುವವಳು. ಆ ಗುಡಿ ಉಳಿಯಲಿ ಎಂಬ ಆಸೆಯೂ ಆಗ ನನಗಿರಲಿಲ್ಲ. ನನ್ನ ಸಹಿ ಟೀ ಲೋಟದ ಪಕ್ಕ ಬೀಳಬಾರದು, ಅಷ್ಟೇ ನನ್ನ ಹಟ.

ಅವತ್ತೇ ಹೊರಟೆ. ಬೇರೆ ಕೆಲಸ ಮುಗಿಯುವ ಹೊತ್ತಿಗೆ ಸಂಜೆ ಆರಾಗಿತ್ತು. ಸ್ಕೂಟರಿನ ಹಿಂದೆ ನಮ್ಮ ಗ್ರಾಮ ಸಹಾಯಕ ನಿಂಗಣ್ಣ. ಅರವತ್ತರ ಹತ್ತಿರದ ಮನುಷ್ಯ, ಸುತ್ತಲ ಹಳ್ಳಿಗಳ ಎಲ್ಲೆಕಲ್ಲೆಲ್ಲ ಅವನಿಗೆ ಬಾಯಿಪಾಠ. ಕ್ಯಾತನಹಳ್ಳಿ ದಾಟುವವರೆಗೂ ಆಲೆಮನೆಗಳ ಬೆಲ್ಲದ ಘಮ ಜೊತೆಗೇ ಬಂತು. ಆಮೇಲೆ ಕಬ್ಬಿನ ಗದ್ದೆಗಳು ಮುಗಿದವು, ದಾರಿ ಮುಗಿಯಿತು. ಸ್ಕೂಟರನ್ನು ನಾಲೆ ಏರಿಯ ಮೇಲೆ ನಿಲ್ಲಿಸಿ ನಡೆದೆವು.

"ಅಮ್ಮಾವ್ರೆ, ಬೆಳಿಗ್ಗೆ ಬರಾನ. ಇದು ಒತ್ತಲ್ಲ," ಎಂದ ನಿಂಗಣ್ಣ.

"ಬೆಳಿಗ್ಗೆ ಹತ್ತಕ್ಕೆ ವರದಿ ಕೊಡಬೇಕು ನಿಂಗಣ್ಣ. ನಡಿ."

ಗುಡಿ ಮುಟ್ಟಿದಾಗ ಪೂರಾ ಕತ್ತಲಾಗಿತ್ತು. ಮೊಬೈಲಿನ ಬೆಳಕಲ್ಲಿ ಎಲ್ಲ ನೋಡಿದೆ. ನೆಲದ ತುಂಬ ಒಣಗಿದ ಎಲೆ, ಮೂಲೆಯಲ್ಲಿ ಬಾವಲಿ ಹಿಕ್ಕೆಯ ನಾತ. ಅಮ್ಮನ ಕಲ್ಲಿನ ಮೇಲೆ ಕುಂಕುಮದ ಗುರುತೂ ಇಲ್ಲ. ಸುತ್ತ ಒಂದು ಗೋಡೆಯಿಲ್ಲ, ಬರೀ ಲಂಟಾನ ಪೊದೆ.

ನಿಜ ಹೇಳುತ್ತೇನೆ, ನನಗೆ ಬೇಸರವಾಯಿತು. ಇಷ್ಟು ಜಗಳವಾಡಿ ಬಂದು ಅವರು ಹೇಳಿದ್ದನ್ನೇ ಬರೆಯಬೇಕಾಯಿತಲ್ಲ ಎಂದು. ಆದರೂ ಕಂಡದ್ದು ಅದೇ. ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಹಲಗೆಯಿಟ್ಟು ಬರೆದೆ. ಸದರಿ ಗ್ರಾಮದಲ್ಲಿ ಜನವಸತಿ ಇರುವುದಿಲ್ಲ. ಗುಡಿಯಲ್ಲಿ ಪೂಜೆ ನಡೆಯುವುದಿಲ್ಲ.

ಮಹಜರು ಬರೆದ ಮೇಲೆ ಅದನ್ನು ಗಟ್ಟಿಯಾಗಿ ಓದಬೇಕು. ಕೊನೆಗೆ, ಯಾರದಾದರೂ ತಕರಾರು ಇದೆಯೇ ಎಂದು ಸೇರಿದ ಜನರನ್ನು ಕೇಳಬೇಕು. ಹನ್ನೊಂದು ವರ್ಷದ ರೂಢಿ ನೋಡಿ... ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಬಾಯಿ ತಾನಾಗಿ ಓದಿತು. ಓದಿ, ತಲೆ ಎತ್ತದೆ ಕೇಳಿಯೂಬಿಟ್ಟೆ.

"ಯಾರ್ದಾದ್ರೂ ತಕರಾರಿದ್ರೆ ಹೇಳಿ."

"ಐತೆ."

ಹೆಂಗಸಿನ ದನಿ. ವಯಸ್ಸಾದವಳದು. ಕೋಪವಿಲ್ಲ, ಅಳುವಿಲ್ಲ. ಪಡಿತರ ಅಂಗಡಿಯ ಸಾಲಿನಲ್ಲಿ ನಿಂತವರು ಮಾತಾಡುತ್ತಾರಲ್ಲ, ಹಾಗೆ.

ಬೆಳಕು ಎತ್ತಿ ಹಿಡಿದೆ. ಎಲೆ, ಪೊದೆ, ಕಲ್ಲು. ಯಾರೂ ಇಲ್ಲ.

"ನಿಂಗಣ್ಣ, ನೀನೇನಾದ್ರೂ..."

ನಿಂಗಣ್ಣ ಟವೆಲನ್ನು ಬಾಯಿಗೆ ತುರುಕಿಕೊಂಡು ಕೂತಿದ್ದ. ಇಲ್ಲ ಎಂದು ತಲೆಯಾಡಿಸಿದ. ಆಗ ಗಮನಿಸಿದೆ, ಬಾವಲಿ ನಾತ ಎಲ್ಲೋ ಹೋಗಿತ್ತು. ಈಗಷ್ಟೇ ಸಗಣಿಯಿಂದ ಸಾರಿಸಿದ ನೆಲದ ವಾಸನೆ... ಅದರ ಜೊತೆಗೆ ಹೊಂಗೆ ಎಣ್ಣೆ ಉರಿದ ಕಮಟು. ಪೊದೆಗಳ ಕಡೆಯಿಂದ ಸಣ್ಣ ಸದ್ದುಗಳು. ಒಬ್ಬರು ಕೆಮ್ಮಿದರು. ಬಳೆ ಸರಿದವು. ಬಹಳ ಜನ ಒಟ್ಟಿಗೆ ನೆಲದ ಮೇಲೆ ಕೂರುವಾಗ ಬಟ್ಟೆ ಸರಬರ ಅನ್ನುತ್ತದಲ್ಲ, ಆ ಸದ್ದು.

ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಭಯದ ಹಿಂದೆಯೇ ಸಿಟ್ಟು ಬಂತು. ಬೆಳಿಗ್ಗೆ ಒಬ್ಬರು ಹೆದರಿಸಿದ್ದರು, ಈಗ ಕತ್ತಲು ಹೆದರಿಸುತ್ತಿದೆ. ಏನಂದುಕೊಂಡಿದ್ದಾರೆ ನನ್ನನ್ನು?

"ಯಾರು ಮಾತಾಡಿದ್ದು? ಏನು ತಕರಾರು? ಸರಿಯಾಗಿ ಹೇಳಿ," ಎಂದೆ.

"ನಾವಿಲ್ಲ ಅಂತ ಬರ್ಕಂಡ್ಯಲ್ಲವ್ವ... ನಮ್ಮುನ್ನ ಕೇಳ್ದೆ."

ನಿಂಗಣ್ಣ ನನ್ನ ಸೆರಗು ಜಗ್ಗಿದ. "ಅಮ್ಮಾವ್ರೆ, ನಿಮ್ ದಮ್ಮಯ್ಯ, ಎದ್ದೇಳಿ. ಓಗ್ಬುಡಾನ."

ನಾನು ಏಳಲಿಲ್ಲ. ಆಗ ಎದ್ದಿದ್ದರೆ ಆ ಎರಡು ಸಾಲು ಹಾಗೇ ಉಳಿಯುತ್ತಿದ್ದವು. ಚೀಲದಿಂದ ಇಂಕ್ ಪ್ಯಾಡು ತೆಗೆದು, ಮಹಜರಿನ ಹಾಳೆಯ ಜೊತೆ ಮೆಟ್ಟಿಲ ಮೇಲಿಟ್ಟೆ. "ತಕರಾರು ಅಂದ್ರೆ ಬಾಯಲ್ಲಿ ಹೇಳಿದ್ರೆ ಆಗಲ್ಲ. ಹೆಬ್ಬೆಟ್ಟು ಒತ್ತಬೇಕು," ಎಂದೆ. ಯಾರಿಗೆ ಹೇಳಿದೆನೋ, ಹೇಗೆ ಹೇಳಿದೆನೋ.

ಈ ಸಲ ಬಲು ಹತ್ತಿರದಿಂದ, ನನ್ನ ಮೊಣಕಾಲಿನ ಹತ್ತಿರದಿಂದ...

"ದೀಪ ಆರುಸ್ಬುಡವ್ವ."

ಮೊಬೈಲನ್ನು ಆರಿಸಿದೆ. ಆ ಕತ್ತಲಲ್ಲಿ ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ. ಪ್ಯಾಡಿನ ಮುಚ್ಚಳ ಟಕ್ ಎಂದು ತೆರೆದುಕೊಂಡಿತು. ಹಾಳೆ ಸರಿಯಿತು. ಪಾದದ ಮೇಲೆ ತಣ್ಣಗಿನ ಬಟ್ಟೆಯ ಅಂಚು ತಾಕಿದ ಹಾಗಾಯಿತು. ಹಲ್ಲು ಕಚ್ಚಿಕೊಂಡು ಕಾಲು ಹಿಂದೆಳೆಯದೆ ಕೂತೆ.

ಬೆಳಕು ಹಾಕಿದಾಗ ಹಾಳೆಯ ಕೆಳಗೆ ಒಂದು ಹೆಬ್ಬೆಟ್ಟಿತ್ತು. ಚಿಕ್ಕದು, ನೀಲಿ, ಇನ್ನೂ ಹಸಿ. ನಿಂಗಣ್ಣನ ಎರಡೂ ಕೈ ಹಿಡಿದು ನೋಡಿದೆ. ಮಸಿಯಿಲ್ಲ. ನನ್ನ ಕೈಯನ್ನೂ ನೋಡಿಕೊಂಡೆ. ಅಲ್ಲೇ ಕೂತು ಹೆಬ್ಬೆಟ್ಟಿನ ಮೇಲ್ಗಡೆ ಒಂದು ಸಾಲು ಸೇರಿಸಿದೆ. ಮೇಲಿನ ಒಕ್ಕಣೆಗೆ ಸ್ಥಳದಲ್ಲಿ ಹಾಜರಿದ್ದ ಗ್ರಾಮಸ್ಥರು ತಕರಾರು ಸಲ್ಲಿಸಿರುತ್ತಾರೆ. ಆಮೇಲೆ ನಾಲೆಯವರೆಗೂ ಇಬ್ಬರೂ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ನಿರೀಕ್ಷಕರು ಹಾಳೆಯನ್ನು ಎರಡು ಸಲ ಓದಿದರು.

"ಯಾರ್ದಮ್ಮ ಈ ಎಬ್ಬೆಟ್ಟು?"

"ಗ್ರಾಮಸ್ಥರದ್ದು ಸಾರ್."

"ಅಲ್ಲಿ ಗ್ರಾಮಸ್ಥರೇ ಇಲ್ವಲ್ಲ."

"ತಕರಾರು ಮಾಡೋಕೆ ಇದ್ರಲ್ಲ."

ಯಾರೋ ದನ ಕಾಯುವ ಮುದುಕಿ ಬಂದು ಆಟ ಆಡಿಸಿದ್ದಾಳೆ ಎಂದರು. ಇರಬಹುದು ಎಂದೆ. ಹರಿದು ಹಾಕಿ ಹೊಸದು ಬರೆ ಎಂದರು. ಬರೆಯಲಿಲ್ಲ. ವರ್ಗ ಮಾಡಿಸುತ್ತೇನೆ ಎಂದರು. ಮಾಡಿಸಿ ಎಂದೆ. ಅವರ ಎದುರಿಗೇ ಟಪಾಲು ವಿಭಾಗಕ್ಕೆ ಹೋಗಿ ಹಾಳೆ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಮುದ್ರೆ ಬಿದ್ದ ಮೇಲೆ ಯಾರಪ್ಪನೂ ಹರಿಯುವಂತಿಲ್ಲ.

ತಕರಾರು ದಾಖಲಾದರೆ ವಿಚಾರಣೆ ಆಗಬೇಕು. ತಕರಾರುದಾರರಿಗೆ ನೋಟೀಸು ಹೊರಟಿತು, ಹಾಡುಹಗಲಲ್ಲಿ ನಾನೇ ಹೋಗಿ ಗುಡಿಯ ಕಂಬಕ್ಕೆ ಅಂಟಿಸಿ ಬಂದೆ. ಅವರು ಬಾರದಿದ್ದರೆ ತಕರಾರು ವಜಾ, ಗುಡ್ಡಕ್ಕೆ ಸಿಡಿಮದ್ದು. ವಿಚಾರಣೆಯ ದಿನ ಕಚೇರಿಗೆ ಕ್ರಷರಿನವನು ವಕೀಲರನ್ನು ಕರೆದುಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂತ. ನಾನು ಗೋಡೆಯ ಪಕ್ಕದ ಉದ್ದ ಬೆಂಚಿನ ನಡುವೆ ಒಬ್ಬಳೇ ಕೂತೆ.

ಕೂಗುವ ಕೆಲಸ ಅಟೆಂಡರ್ ಜಬ್ಬಾರ್ ಭಾಯಿಯದು. ಆ ವಾರವಷ್ಟೇ ಬೇರೆ ಕಚೇರಿಯಿಂದ ಬಂದವರು, ಈ ಸಂಗತಿಯ ಗಂಧಗಾಳಿ ಅವರಿಗಿಲ್ಲ. ಬಾಗಿಲು ತೆರೆದು ಮೂರು ಸಲ ಕೂಗಿದರು. "ಸಿಂಗಾರಿಕೊಪ್ಪಲು ಗ್ರಾಮಸ್ಥರು..."

ಹೊರಗಿನಿಂದ ಉತ್ತರವಿಲ್ಲ. ನಿರೀಕ್ಷಕರು ನನ್ನ ಕಡೆ ನೋಡಿ ನಕ್ಕರು. ಜಬ್ಬಾರ್ ಭಾಯಿ ಮಾತ್ರ ಬಾಗಿಲು ಮುಚ್ಚದೆ, ಪಕ್ಕಕ್ಕೆ ಸರಿದು, ಹಿಡಿದುಕೊಂಡೇ ನಿಂತರು. ಒಂದು ನಿಮಿಷ... ಎರಡು ನಿಮಿಷ... ವಿಚಾರಣೆ ನಡೆಸಲು ಮೇಲೆ ಕೂತಿದ್ದ ಅಧಿಕಾರಿ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಯಾರನ್ನೂ ಏನೂ ಕೇಳದೆ ಪೆನ್ನು ತೆಗೆದುಕೊಂಡು, ತಕರಾರು ಪುರಸ್ಕರಿಸಲಾಗಿದೆ, ಕ್ರಷರ್ ಅರ್ಜಿ ತಿರಸ್ಕೃತ ಎಂದು ಬರೆದು ಎದ್ದು ಹೋದರು. ಅವರ ಹಣೆಯಲ್ಲಿ ಬೆವರಿತ್ತು. ಗುಡಿ ಇಂದಿಗೂ ನಿಂತಿದೆ.

ಜನ ಕರಗಿದ ಮೇಲೆ ಕೇಳಿದೆ, "ಯಾಕೆ ಭಾಯಿ, ಅಷ್ಟೊತ್ತು ಬಾಗ್ಲು ಹಿಡ್ಕೊಂಡು ನಿಂತಿದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅರೆ, ಅಷ್ಟು ಜನ ಬರ್ತಾ ಇದ್ರಲ್ಲ ಮೇಡಂ. ಮಧ್ಯ ಬಾಗ್ಲು ಹೆಂಗೆ ಬಿಡ್ಲಿ? ಬೂಢೀ ಅಜ್ಜೀರೂ ಇದ್ರು."

ನಗೋಣ ಎಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಆ ಎರಡು ನಿಮಿಷದಲ್ಲಿ ಬೆಂಚಿನ ನಡುವೆ ಒಬ್ಬಳೇ ಕೂತಿದ್ದ ನಾನು ಒಂದಿಷ್ಟು, ಇನ್ನೊಂದಿಷ್ಟು ಎಂದು ಸರಿಯುತ್ತಾ ಸರಿಯುತ್ತಾ ಕೊನೆಗೆ ಬೆಂಚಿನ ತುದಿಯಲ್ಲಿ ಮೂಲೆಗೋಡೆಗೆ ಒತ್ತಿಕೊಂಡು ಕೂತಿದ್ದೆ. ಯಾರಿಗೆ ಜಾಗ ಬಿಟ್ಟೆನೋ ನನಗೆ ಈಗಲೂ ಗೊತ್ತಿಲ್ಲ.