ಕೊರಿಯಾ ನೋಡುತ್ತಿದ್ದವಳು ಕಂಡದ್ದು

"ಆ ಮೇಡಮ್ಮು ಏನ್ ಕಂಡಾರು ಬುಡ್ರಿ, ಕೊರಿಯಾ ನೋಡ್ತಾ ಕೂತಿದ್ರು" ಎಂದು ಬಸ್ಸಿನಲ್ಲಿ ಒಬ್ಬರು ಹೇಳಿದರು. ಉಳಿದವರು ನಕ್ಕರು. ಅವತ್ತು ಆ ನಗುವಿಗೆ ನನ್ನ ಹತ್ತಿರ ಅರ್ಧ ಉತ್ತರ ಮಾತ್ರ ಇತ್ತು. ಇನ್ನರ್ಧ ಇಲ್ಲಿದೆ.

ಹೌದು, ಫೋನಿನಲ್ಲಿ ಕೊರಿಯನ್ ನಾಟಕದ ಕಂತು ನೋಡುತ್ತಿದ್ದೆ. ಇವತ್ತೂ ನೋಡುತ್ತೇನೆ. ಮಧುಗಿರಿಯಲ್ಲಿ ಖಾಸಗಿ ಬಸ್ಸು ಹತ್ತಿ, ಪಾವಗಡದ ಕಾಲೇಜೊಂದರಲ್ಲಿ ಪಾಠ ಮಾಡಿ, ಸಂಜೆ ಅದೇ ಬಸ್ಸಿಗೆ ವಾಪಸ್ ಬರುವವಳು ನಾನು. ಹೋಗುವಾಗ ಒಂದು ಕಂತು, ಬರುವಾಗ ಒಂದು ಕಂತು. ಕೊರಿಯನ್ ಆಗಲಿ ಚೈನೀಸ್ ಆಗಲಿ, ಆ ಭಾಷೆ ನನಗೆ ಬರುವುದಿಲ್ಲ. ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿಕೊಂಡೇ ನೋಡಬೇಕು. ಅರ್ಥವಾಗದ ಮಾತನ್ನು ಕಿವಿಗೆ ತುರುಕಿಕೊಂಡು ತಲೆನೋವು ಯಾಕೆ ಎಂದು ಸದ್ದು ಪೂರ್ತಿ ತೆಗೆದುಬಿಡುತ್ತೇನೆ. ಬಸ್ಸು ನಿಲ್ಲುವಾಗ ಜಗ್ಗಿ ಅಕ್ಷರಗಳೆಲ್ಲ ಕುಣಿಯುತ್ತವೆ. ಹಾಗಾಗಿ ಪ್ರತಿ ಸ್ಟಾಪಿನಲ್ಲೂ ಕಂತು ನಿಲ್ಲಿಸಿ ತಲೆ ಎತ್ತುವುದು ರೂಢಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಾಕ್ಷಿಯೆಲ್ಲ ನಿಂತಿರುವುದು ಈ ರೂಢಿಯ ಮೇಲೆ.

ಕೊರಟಗೆರೆಯಲ್ಲಿರುವ ನನ್ನ ಅಕ್ಕ ಕೇಳುತ್ತಾಳೆ, "ಆ ಮೂತಿಗಳೆಲ್ಲ ಒಂದೇ ತರ ಇರ್ತವೆ, ಹೆಂಗೆ ಗುರುತು ಹಿಡೀತೀಯೇ?"

"ನಿನ್ನ ಸೀರಿಯಲ್ಲಿನ ಅತ್ತೆಯರೂ ಎಲ್ಲ ಒಂದೇ ತರಾನೇ. ಬೊಟ್ಟು ನೋಡಿ ಗುರುತು ಹಿಡೀತೀಯಲ್ಲ, ಹಂಗೆ."

ಅಕ್ಕನ ಸೀರಿಯಲ್ಲಿನಲ್ಲಿ ಒಬ್ಬ ಸೊಸೆ ಹೊಸಿಲ ಮೇಲೆ ಎರಡು ವಾರ ನಿಂತಿದ್ದಳು. ಒಳಗೆ ಬರಲಿಲ್ಲ, ಹೊರಗೆ ಹೋಗಲಿಲ್ಲ. ಕೊರಿಯಾದವರು ಹದಿನಾರು ಕಂತಿನಲ್ಲಿ ಕತೆ ಮುಗಿಸಿ ಮನೆಗೆ ಕಳಿಸುತ್ತಾರೆ. ಮುಗಿಯುವ ಕತೆಗೆ ಒಂದು ಮರ್ಯಾದೆ ಇರುತ್ತದೆ. ಅಲ್ಲಿಯ ಹೆಂಗಸರು ಬಿಸಿಲು ಟೋಪಿ ಹಾಕಿಕೊಂಡು ಮೆಣಸಿನಕಾಯಿ ಹರಡುವುದನ್ನು ನೋಡಿದರೆ ನನಗೆ ಪರದೇಶ ಅನ್ನಿಸುವುದೇ ಇಲ್ಲ. ಪ್ರೀತಿ ಇದೆ ಅಂತ ಹೇಳಲು ಬಾಯಿ ಬರದೆ "ಊಟ ಆಯ್ತಾ" ಎಂದು ಕೇಳುವ ಅಪ್ಪಂದಿರು ಅಲ್ಲೂ ಇದ್ದಾರೆ.

ಹಾಗಂತ ಅಲ್ಲಿಯದೆಲ್ಲ ಚೆನ್ನ ಅಂತಲ್ಲ. ಚೈನೀಸ್ ನಾಟಕಗಳ ಆ ಬಿಳಿ ಬಟ್ಟೆಯ ದೇವತೆಗಳನ್ನು ಕಂಡರೆ ನನಗಾಗದು. ಹತ್ತು ಸಾವಿರ ವರ್ಷ ಒಬ್ಬಳಿಗಾಗಿ ಕಾಯುತ್ತಾರೆ, ಹೋಗಿ ಒಂದು ಮಾತು ಕೇಳುವುದಿಲ್ಲ. ಅದೇ ಚೀನಾದವರ ಅಡುಗೆಮನೆ ಜಗಳದ ಕತೆ ಕೊಡಿ, ನಲವತ್ತು ಕಂತಾದರೂ ಬಿಡದೆ ನೋಡುತ್ತೇನೆ. ಕೊರಿಯಾದ ಶ್ರೀಮಂತ ಹುಡುಗ ಹುಡುಗಿಯ ಮುಂಗೈ ಹಿಡಿದು ದರದರ ಎಳೆದುಕೊಂಡು ಹೋಗುವುದು ನನಗೆ ಪ್ರೀತಿಯಾಗಿ ಕಂಡದ್ದಿಲ್ಲ. ಆಮೇಲೆ ಆ ಲಾರಿ. ನಾಯಕಿ ರಸ್ತೆ ದಾಟುತ್ತಾಳೆ, ಎಲ್ಲಿಂದಲೋ ಬಿಳಿ ಲಾರಿ ಬರುತ್ತದೆ, ಎಲ್ಲ ನಿಧಾನವಾಗುತ್ತದೆ, ಪಿಟೀಲಿನ ಸದ್ದು ಅಂತ ಕೆಳಗೆ ಬರೆದು ಬರುತ್ತದೆ, ಅವಳಿಗೆ ತಿರುಗಿ ನೋಡಲು ಹೊತ್ತು ಸಿಗುತ್ತದೆ.

ನಮ್ಮ ಬಸ್ಸಿನ ಆ ಬುಧವಾರದ ನಂತರ, ಕಂತಿನಲ್ಲಿ ಲಾರಿ ಬಂದರೆ ಫೋನು ಬೋರಲು ಹಾಕುತ್ತೇನೆ. ಅದು ಸುಳ್ಳು. ಯಾವುದೂ ನಿಧಾನವಾಗುವುದಿಲ್ಲ.

ನಮ್ಮ ಬಸ್ಸಿಗೆ ಒಬ್ಬ ಅಜ್ಜಿ ಬರುತ್ತಿದ್ದಳು. ಪಾವಗಡ ಇನ್ನೂ ಮುಂದಿರುವಾಗ ಸಿಗುವ ಒಂದು ಗೇಟಿನ ಅಜ್ಜಿ. ಗೇಟು ಅಂದರೆ ನಮ್ಮ ಕಡೆ ಬಾಗಿಲು ಏನೂ ಇರುವುದಿಲ್ಲ, ಊರಿನ ದಾರಿ ಬಂದು ಟಾರು ರಸ್ತೆಗೆ ಸೇರುವ ಜಾಗ. ಮಂಗಳವಾರ ಸಂಜೆ ಅಲ್ಲಿ ಹತ್ತಿ ಮಧುಗಿರಿಯಲ್ಲಿಳಿದು ಪುರವರ ಎಂಬ ಊರಿಗೆ ಹೋಗುವುದು, ಹಾಸಿಗೆ ಹಿಡಿದ ತನ್ನ ಅಕ್ಕನ ತಲೆ ಬಾಚಿ, ಕೈಯಾರೆ ಮುದ್ದೆ ತಿನ್ನಿಸಿ, ಬುಧವಾರ ಬೆಳಗ್ಗೆ ನಮ್ಮ ಬಸ್ಸಿಗೆ ಹಿಂದಿರುಗುವುದು. ಮನೆಯಲ್ಲಿ ಜೊತೆಗೆ ಹೋಗಲು ಯಾರಿಗೂ ಬಿಡುವಿಲ್ಲ. ಅಜ್ಜಿ ಒಂಟಿಯಾಗಿ ಹೋದರೆ ಉಂಟು, ಇಲ್ಲದಿದ್ದರೆ ಆ ಅಕ್ಕ ತಂಗಿಯರ ಭೇಟಿ ಇಲ್ಲ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಬಸ್ಸಿಗಿರುವುದು ಒಂದೇ ಬಾಗಿಲು, ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದೆ. ಕಂಡಕ್ಟರು ಟಿಕೆಟ್ ಕೊಡುತ್ತ ಮುಂದೆ ಹೋದರೆ ವಾಪಸ್ ಬರಲು ಜಾಗವಿರುವುದಿಲ್ಲ. ಆಗ ಬಾಗಿಲ ಹತ್ತಿರ ಇದ್ದವರು ಯಾರಾದರೂ ತಗಡಿಗೆ ಎರಡೇಟು ಹೊಡೆದು "ರೈಟ್ ರೈಟ್" ಎನ್ನುತ್ತಾರೆ. ಡ್ರೈವರು ಕನ್ನಡಿ ನೋಡದೆ ಗೇರು ಹಾಕುತ್ತಾನೆ. ಯಾರೂ ಯಾರಿಗೂ ವಹಿಸದ ಕೆಲಸ ಅದು. ನಾನೂ ಎಷ್ಟೋ ಸಲ ಮಾಡಿದ್ದೇನೆ.

ಆ ಬುಧವಾರ ಬೆಳಗ್ಗೆ ಬಸ್ಸು ಗೇಟಿನಲ್ಲಿ ನಿಂತಿತು. ಕಂತು ನಿಲ್ಲಿಸಿ ತಲೆ ಎತ್ತಿದೆ. ಬಾಗಿಲ ಎದುರಿನ ಸೀಟು ನನ್ನದು. ಇಬ್ಬರು ಇಳಿದರು. ಅಜ್ಜಿಯ ಬಲಗಾಲು ನೆಲದ ಮೇಲಿತ್ತು, ಎಡಗಾಲು ಇನ್ನೂ ಮೆಟ್ಟಿಲ ಮೇಲಿತ್ತು. ಕೈಚೀಲದ ಹಿಡಿ ಕಂಬಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಟಪ್ ಟಪ್, "ರೈಟ್ ರೈಟ್." ಬಸ್ಸು ಹೊರಟಿತು. ಅಜ್ಜಿ ಚೀಲದ ಜೊತೆ ಎರಡು ಹೆಜ್ಜೆ ಓಡಿ, ಅಡ್ಡ ಬಿದ್ದಳು. ನಾನು ಕಿರುಚಿದೆ. ಬಸ್ಸು ನಿಂತಾಗ ಟಯರು ಅಜ್ಜಿಯ ಸೆರಗಿನ ತುದಿಯ ಮೇಲಿತ್ತು. ತುದಿಯ ಆಚೆ ಭುಜ, ಭುಜದ ಆಚೆ ತಲೆ.

ಫೋನಿನಲ್ಲಿ ಎರಡು ಸಲ ಒತ್ತಿದರೆ ಹತ್ತು ಸೆಕೆಂಡು ಹಿಂದೆ ಹೋಗುತ್ತದೆ. ನನ್ನ ತಲೆ ಈಗಲೂ ಒತ್ತದೆಯೇ ಅಲ್ಲಿಗೆ ಹೋಗುತ್ತದೆ, ಪಾಠದ ಮಧ್ಯೆ, ಅನ್ನ ಬಸಿಯುವಾಗ. ಪ್ರತಿ ಸಲವೂ ಟಯರು ಇನ್ನೊಂದು ಚೂರು ಮುಂದೆ ಬಂದಿರುತ್ತದೆ.

ಅಜ್ಜಿಯ ಮುಂಗೈ ಮುರಿಯಿತು, ಜೀವ ಉಳಿಯಿತು. ಬಸ್ಸು ಪಾವಗಡ ಸೇರುವುದರೊಳಗೆ ಎಲ್ಲರೂ ಒಂದೇ ಮಾತಿಗೆ ಬಂದಿದ್ದರು. "ನಿಲ್ಲೋಕ್ ಮುಂಚೇನೇ ಧುಮುಕ್ಬುಟ್ಲು ಮುದುಕಿ." "ವಯಸ್ಸಾದೋರ್ನ ಒಬ್ಬೊಬ್ಬರನ್ನೇ ಕಳಿಸ್ತಾರಲ್ಲ, ಅವರಿಗೆ ಬುದ್ಧಿ ಬೇಡ್ವಾ?" ನಾನು, "ಬಸ್ಸು ನಿಂತಿತ್ತು, ಯಾರೋ ರೈಟ್ ಅಂದ್ರು" ಎಂದೆ. ಆಗಲೇ ಆ ಕೊರಿಯಾದ ಮಾತು, ಆ ನಗು.

ಯಾರೋ ಎಂದೆನಲ್ಲ, ಅದು ನನ್ನ ಹೇಡಿತನ. ಆ ದನಿ ನನಗೆ ಚೆನ್ನಾಗಿ ಗೊತ್ತು. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರ ದನಿ. ಅವರು ದಿನಾ ನಮ್ಮ ಬಸ್ಸಿಗೇ ಬರುತ್ತಾರೆ, ಬಾಗಿಲ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಆ ದಿನ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಕೊರಿಯನ್ ನಾಟಕಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದೊಂದಿದೆ. ಕಂತು ಮುಗಿಯಿತು ಅನ್ನುವಾಗ ಅದೇ ದೃಶ್ಯವನ್ನು ಇನ್ನೊಬ್ಬರು ನಿಂತ ಜಾಗದಿಂದ ಮತ್ತೆ ತೋರಿಸುತ್ತಾರೆ. ಅಷ್ಟು ಹೊತ್ತು ಕೆಟ್ಟವನಂತೆ ಕಂಡವನು ಸುಮ್ಮನೆ ಬೆನ್ನು ತಿರುಗಿಸಿ ನಿಂತಿದ್ದನೆಂದು ಆಗ ತಿಳಿಯುತ್ತದೆ. ಅಜ್ಜಿ ಬಿದ್ದ ಹತ್ತು ಸೆಕೆಂಡನ್ನು ನಾನು ಮನಸ್ಸಿನಲ್ಲೇ ಮೇಷ್ಟ್ರ ಸೀಟಿನಲ್ಲಿ ಕೂತು ಮತ್ತೆ ನೋಡಿದೆ. ಅಲ್ಲಿಂದ ಮೆಟ್ಟಿಲು ಕಾಣುವುದಿಲ್ಲ. ಇಬ್ಬರು ಇಳಿದದ್ದು ಕಾಣುತ್ತದೆ, ಗಿಡ್ಡ ಅಜ್ಜಿ ಕಾಣುವುದಿಲ್ಲ.

ಮುಂದಿನ ಸೋಮವಾರ ಗೇಟಿನಲ್ಲಿ ಅಜ್ಜಿಯ ಮಗ ಬಸ್ಸು ಹತ್ತಿದ. ಮುಖ ಬಾಡಿತ್ತು.

"ಜಗಳಕ್ಕೆ ಬಂದಿಲ್ಲ ಕಂಡಕ್ಟ್ರೇ. ಅವ್ವ ಧುಮುಕಿದ್ಲಾ ಇಲ್ವಾ, ಅಷ್ಟು ಹೇಳ್ರಿ. ಧುಮುಕಿದ್ರೆ ಇನ್ನು ಒಬ್ಳುನ್ನೇ ಬಸ್ಸು ಹತ್ಸಲ್ಲ, ಪುರವರನೂ ಬೇಡ ಏನೂ ಬೇಡ. ಅವಳು ನೋಡಿದ್ರೆ ಉಣ್ಣಾಕಿಲ್ಲ. 'ನೇನು ದೂಕಲೇದು, ನೇನು ದೂಕಲೇದು' ಅಂತ ತೆಲುಗಲ್ಲೇ ಒಂದೇ ಸಮ. ನಾನು ಧುಮುಕಿಲ್ಲ ಅಂತಾಳೆ."

"ಧುಮುಕಿದ್ದೇ ಕಣಪ್ಪ" ಎಂದ ಕಂಡಕ್ಟರು. ಅಜ್ಜಿ ಬಿದ್ದಾಗ ಅವನು ಮುಂದೆ ಡ್ರೈವರ ಪಕ್ಕದಲ್ಲಿದ್ದ.

ನಾನು ಎದ್ದೆ. ಕಂಬಿ ಹಿಡಿದುಕೊಂಡೆ. "ಬಸ್ಸು ನಿಂತಿತ್ತು. ನಿಮ್ಮವ್ವ ಒಂದು ಕಾಲು ನೆಲಕ್ಕಿಟ್ಟಿದ್ರು. ಆಗ ರೈಟ್ ಅಂದಿದ್ದಾಯ್ತು."

ಹಿಂದಿನಿಂದ, ಅವತ್ತು ಕೊರಿಯಾ ಎಂದು ನಗಿಸಿದವರ ದನಿ: "ಮೇಡಂ, ಅದು ಇಲ್ಲಿ ನೋಡಿದ್ದೋ, ಕೊರಿಯಾದಲ್ಲಿ ನೋಡಿದ್ದೋ?"

"ಕೊರಿಯಾ ನೋಡೋಕೆ ಕಣ್ಣು ಬೇಕು, ಕಿವಿ ಬೇಡ. ಕಿವಿ ಇಲ್ಲೇ ಇತ್ತು. ಸ್ಟಾಪಿನಲ್ಲಿ ಕಣ್ಣೂ ಇಲ್ಲೇ ಇತ್ತು. ನೀವು ಆಗ ನಿದ್ದೆ ಮಾಡ್ತಿದ್ರಿ ಕಣಣ್ಣ, ಬಾಯಿ ತೆಗೆದಿದ್ರಿ. ಅದೂ ಕಾಣ್ತು."

ಈ ಸಲ ನಗು ಅವರ ಕಡೆ ಹೋಯಿತು. ಮಗ ನಗಲಿಲ್ಲ. "ರೈಟ್ ಅಂದೋರು ಯಾರು ಮೇಡಂ?"

ನಾನು ಮೇಷ್ಟ್ರನ್ನು ನೋಡಲಿಲ್ಲ. "ಬಾಗಿಲ ಪಕ್ಕದ ಸೀಟಲ್ಲಿ ಕೂತೋರು. ಅಲ್ಲಿಂದ ಮೆಟ್ಟಿಲು ಕಾಣಲ್ಲ. ನಾನು ಅಲ್ಲಿ ಕೂತಿದ್ರೂ ಅಂತಿದ್ದೆ, ಎಷ್ಟೋ ಸಲ ಅಂದಿದ್ದೀನಿ. ಇಲ್ಲಿರೋರೆಲ್ಲ ಅಂದಿದ್ದೀವಿ. ಆದ್ರೆ ನಮ್ಮ ರೂಢಿ ಕಾಪಾಡೋಕೆ ಆ ಅಜ್ಜೀನ ಸುಳ್ಳುಗಾತಿ ಮಾಡಬೇಡಿ."

ಬಸ್ಸು ಹೊರಡಲಿಲ್ಲ. ರೈಟ್ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದರು, ಒರೆಸದೆ ಹಾಗೇ ಹಿಡಿದುಕೊಂಡರು.

"ನಾನೇ ಕಣಪ್ಪ ಅಂದಿದ್ದು" ಎಂದರು. "ಎಲ್ಲ ಇಳಿದ್ರು ಅಂದ್ಕೊಂಡೆ. ಆಮೇಲೆ ಹೇಳೋಕೆ ಆಗ್ಲಿಲ್ಲ."

ಮಗ ಅವರನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. "ನಮ್ಮವ್ವಂಗೆ ನೀವೇ ಬಂದು ಹೇಳ್ರಿ ಸಾ. ನಾನು ಹೇಳಿದ್ರೆ ನಂಬಾಕಿಲ್ಲ" ಎಂದು ಇಳಿದುಹೋದ. ಮೇಷ್ಟ್ರು ಹಿಂದೆಯೇ ಇಳಿದರು. ಅವತ್ತು ಅವರು ಶಾಲೆಗೆ ಯಾವ ಹೊತ್ತಿಗೆ ಮುಟ್ಟಿದರೋ ಗೊತ್ತಿಲ್ಲ.

ಈಗಲೂ ನನಗೆ ಕೊರಿಯಾ ಮೇಡಂ ಎಂಬ ಹೆಸರು ಇದೆ. ಇರಲಿ. ಯಾರಾದರೂ ಕೇಳಿದರೆ ಹದಿನಾರು ಕಂತಿನ ಒಳ್ಳೆಯದೊಂದನ್ನು ಹೇಳುತ್ತೇನೆ, ಲಾರಿ ಇಲ್ಲದ್ದು.

ಮೂರು ವಾರ ಕಳೆದು ಒಂದು ಮಂಗಳವಾರ ಸಂಜೆ ಬಸ್ಸು ಗೇಟಿನಲ್ಲಿ ನಿಂತಿತು. ಅಜ್ಜಿ ಹತ್ತಿದಳು, ಕೈಗೆ ಪಟ್ಟಿ, ಕುತ್ತಿಗೆಗೆ ಜೋಲಿ, ಇನ್ನೊಂದು ಕೈಯಲ್ಲಿ ಚೀಲ. ಮಗ ಬೈಕು ನಿಲ್ಲಿಸಿ ಮೆಟ್ಟಿಲಿಗೆ ಕಾಲಿಟ್ಟು ತಾನೂ ಹತ್ತಲು ನೋಡಿದ. ಅಜ್ಜಿ ಬಂದು ನನ್ನ ಪಕ್ಕ ಕೂತು, ಬಾಗಿಲ ಕಡೆ ತಿರುಗಿದಳು.

"ನೀನ್ಯಾಕ್ಲಾ? ಹಸು ಅರಚ್ಕೊಳ್ತೈತೆ, ಹಾಲು ಕರೆಯೋಗು."

ಅವನು ಕಾಲು ತೆಗೆದು ರಸ್ತೆಯ ಪಕ್ಕಕ್ಕೆ ಸರಿದು ನಿಂತ.