ಸೊಪ್ಪಿಲ್ಲದ ಪೆಟ್ಟಿಗೆ

ಎಡೆಲ್ಮಿರಾ ಹುವಾರೊಕ್‌ಗೆ ಪದವಿಯ ಪ್ರಬಂಧಕ್ಕೆ ಮಾರ್ಗದರ್ಶಿ ಸಿಗುವಷ್ಟರಲ್ಲಿ ಸಾಕುಸಾಕಾಗಿತ್ತು. ಕೃಷಿ ಕಾಲೇಜಿನ ಇಬ್ಬರು ಮೇಷ್ಟ್ರು ಪುರುಸೊತ್ತಿಲ್ಲ ಎಂದ ಮೇಲೆ ಕೃಷಿ ಇಂಜಿನಿಯರ್ ಫೌಸ್ಟಿನಾ ಒಪ್ಪಿದ್ದರು. ಕೂಡಿಟ್ಟ ಆಲೂಗಡ್ಡೆಗೆ ಪುದೀನದಂತೆ ಘಾಟು ವಾಸನೆಯ ಮುನ್ಯಾ ಸೊಪ್ಪು ಹಾಸಿದರೆ ಹುಳ ಬೀಳುವುದಿಲ್ಲ ಎಂದು ಅವಳ ಊರಿನ ಮಂತಾರೊ ಕಣಿವೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದನ್ನು ಎಣಿಸಿ ತೋರಿಸಬೇಕು, ವರ್ಷದ ಕೊನೆಯೊಳಗೆ. ಇಲ್ಲದಿದ್ದರೆ ಪದವಿಯಿಲ್ಲ. ಅದಕ್ಕೆಂದೇ ಮನೆಯಲ್ಲಿ ಹನ್ನೆರಡು ಪೆಟ್ಟಿಗೆ ಆಲೂಗಡ್ಡೆ ತುಂಬಿಟ್ಟಿದ್ದಳು.

ಪ್ರತಿ ಮಂಗಳವಾರ ಎರಡು ಬಸ್ಸು ಹತ್ತಿ ಹೋಗುವಳು. ದೊಡ್ಡವರ ಬಳಿಗೆ ಬರಿಗೈಯಲ್ಲಿ ಹೋಗುವುದುಂಟೆ? ಒಂದು ಗಟ್ಟಿ ಚೀಸ್ ಒಯ್ಯುವಳು. ಅವರು ಇವಳ ಅಮ್ಮನ ಮಂಡಿನೋವು ವಿಚಾರಿಸುವರು, ಇವಳು ಅವರ ಮೊಮ್ಮಗನನ್ನು ವಿಚಾರಿಸುವಳು. ಅಷ್ಟರಲ್ಲಿ ಅರ್ಧ ಗಂಟೆ ಮುಗಿಯುವುದು.

"ಎಲ್ಲ ಸರಿಯಿದೆಯಾ ಮಗು?"

"ಸರಿಯಿದೆ ಇಂಜಿನಿಯರಮ್ಮ."

ಬಸ್ಸಿನಲ್ಲಿ ಹಲ್ಲು ಕಚ್ಚುವಳು. ಈಯಮ್ಮ ಏನೂ ಹೇಳಿಕೊಡುವುದೇ ಇಲ್ಲವಲ್ಲ!

ಒಂಬತ್ತನೆಯ ಮಂಗಳವಾರ ಇಂಜಿನಿಯರಮ್ಮನ ತಾಳ್ಮೆಯೇ ಮೊದಲು ಕೆಟ್ಟಿತು.

"ಒಂಬತ್ತು ಸಲ ಬಂದೆ, ಒಂಬತ್ತು ಚೀಸ್ ತಂದೆ, ಒಂದು ಪ್ರಶ್ನೆ ತರಲಿಲ್ಲ. ನಾನೇನು ಕಣಿ ಹೇಳೋಳಾ? ಹನ್ನೆರಡು ಪೆಟ್ಟಿಗೇಲಿ ಸೊಪ್ಪಿಲ್ಲದ್ದು ಎಷ್ಟು?"

"ಒಂದೂ ಇಲ್ಲ."

"ಒಂದೂ?"

"ಸೊಪ್ಪಿಲ್ಲದೆ ಹೇಗಿಡೋದು? ಹುಳ ತಿಂದುಬಿಡುತ್ತಲ್ಲ!"

"ತಿನ್ನಲಿ ಅಂತಲೇ! ಅಲ್ಲಿ ಎಷ್ಟು ತಿಂತು ಅಂತ ಗೊತ್ತಿಲ್ಲದೆ ಇಲ್ಲಿ ಎಷ್ಟು ಉಳೀತು ಅಂತ ಹೇಗೆ ಹೇಳ್ತೀಯ?"

"ನಂಗೂ ಎರಡನೇ ವಾರವೇ ಅನುಮಾನ ಬಂದಿತ್ತು. ನಿಮ್ಮನ್ನ ಪ್ರಶ್ನೆ ಕೇಳೋದು ಮರ್ಯಾದೆ ಅಲ್ಲ ಅಂತ..." ಎಡೆಲ್ಮಿರಾ ಚೀಸಿನ ಗಂಟನ್ನು ಪಕ್ಕಕ್ಕೆ ಸರಿಸಿದಳು. "ನೀವೂ ಕೇಳಲಿಲ್ವಲ್ಲ!"

ಇಂಜಿನಿಯರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದೂ ನಿಜ. ಪೆಟ್ಟಿಗೆ ನೋಡೋಕೆ ನಾನೂ ಒಂದು ಸಲ ಬರಬೇಕಿತ್ತು. ನಿಮ್ಮ ಮೇಲಿನ ಹೊಲ ಅಗೆದಾಯ್ತಾ?"

"ಇನ್ನೂ ಅರ್ಧ ಇದೆ."

"ಹಾಗಾದ್ರೆ ವರ್ಷ ಹಾಳಾಗಿಲ್ಲ. ಹೊಸದಾಗಿ ಹನ್ನೆರಡು ತುಂಬು. ಆರಕ್ಕೆ ಸೊಪ್ಪು, ಆರಕ್ಕೆ ಬೇಡ. ಅನುಮಾನ ಬಂದ ದಿನವೇ ನಂಗೆ ಫೋನ್ ಮಾಡು."

ತುಂಬಿದ ಮೂರನೆಯ ದಿನ ನೋಡಿದರೆ, ಸೊಪ್ಪಿರಬಾರದಿದ್ದ ಪೆಟ್ಟಿಗೆಯೊಂದರಲ್ಲಿ ಒಂದು ಹಿಡಿ ಮುನ್ಯಾ.

"ಕಣ್ಣೆದುರಿಗೇ ಹಾಳಾಗೋದನ್ನ ನೋಡ್ತಾ ಕೂರ್ಲಾ? ನಿನ್ನ ಓದಿಸಿದ್ದು ಇದಕ್ಕಾ?" ಎಂದಳು ಅಮ್ಮ.

ಎಡೆಲ್ಮಿರಾ ಮಂಗಳವಾರದವರೆಗೆ ಕಾಯಲಿಲ್ಲ, ಆಗಲೇ ಫೋನ್ ಮಾಡಿದಳು. "ಸೊಪ್ಪು ತೆಗೆದುಬಿಡ್ಲಾ ಇಂಜಿನಿಯರಮ್ಮ?"

"ಬೇಡ. ಆ ಪೆಟ್ಟಿಗೇನ ಪಕ್ಕಕ್ಕಿಟ್ಟು ಬೇರೆ ಒಂದು ತುಂಬು. ನಡೆದದ್ದನ್ನ ನಡೆದ ಹಾಗೇ ಬರೆದಿಡು. ಈಗ ಫೋನ್ ಅಮ್ಮನಿಗೆ ಕೊಡು."

ಅಮ್ಮ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. "ನಮಸ್ಕಾರ ಇಂಜಿನಿಯರಮ್ಮ. ನೀವು ಯಾವತ್ತಾದ್ರೂ ಆಲೂಗಡ್ಡೆ ಅಗೆದಿದ್ದೀರಾ?"

ಇದು ಬೇಗ ಮುಗಿಯುವ ಮಾತಲ್ಲವೆಂದು ಎಡೆಲ್ಮಿರಾ ಖಾಲಿ ಪೆಟ್ಟಿಗೆ ಎತ್ತಿಕೊಂಡು ಹೊಲಕ್ಕೆ ನಡೆದಳು.