ಕೂಸಿಗೆ ಎರೆಯುವ ಪ್ರೋಟೀನು

ನಮ್ಮ ಲ್ಯಾಬಿನಲ್ಲಿ ಅದನ್ನು ಶಾಪೆರಾನ್ ಎನ್ನುತ್ತಾರೆ. ಯಾವುದೋ ದೇಶದ ದೊಡ್ಡ ಮನೆಯ ಹೆಣ್ಣುಮಕ್ಕಳು ಹೊರಗೆ ಹೊರಟಾಗ ದಾರಿ ತಪ್ಪದಿರಲಿ ಎಂದು ಜೊತೆಗೆ ಕಳಿಸುತ್ತಿದ್ದ ವಯಸ್ಸಾದ ಹೆಂಗಸಿಗೆ ಆ ಹೆಸರಂತೆ. ಜೀವಕೋಶದೊಳಗೆ ಹಗಲೂ ರಾತ್ರಿ ದುಡಿಯುವ ಒಂದು ಪ್ರೋಟೀನಿಗೆ ಇದೇ ಹೆಸರು ಸಿಗಬೇಕಿತ್ತೇ ಎಂದು ನನಗೆ ಮೊದಲಿನಿಂದಲೂ ಸಿಟ್ಟು. ನನ್ನ ಅಕ್ಕನಿಗೆ ಅದನ್ನು ವಿವರಿಸಬೇಕಾಗಿ ಬಂದ ದಿನ ಆ ಸಿಟ್ಟು ಇನ್ನೂ ಹೆಚ್ಚಾಯಿತು.

ಅಕ್ಕ ನನಗಿಂತ ತುಂಬ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಬೊಮ್ಮಸಂದ್ರದಲ್ಲಿ ನಮ್ಮದು ಹಳೇ ಕುಳ. ಹೊಲಗಳು ಫ್ಯಾಕ್ಟರಿಗಳಾದ ಮೇಲೆ ಉಳಿದ ಜಾಗದಲ್ಲಿ ಅಕ್ಕ ಭಾವ ಸಾಲುಮನೆ ಕಟ್ಟಿಸಿ, ಶಿಫ್ಟಿನಲ್ಲಿ ದುಡಿಯುವವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಸಾಲಿನಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ಎರೆಯಲು ಅಕ್ಕನೇ ಹೋಗಬೇಕು. ಒಡಿಶಾದವರಿರಲಿ, ರಾಯಚೂರಿನವರಿರಲಿ, ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆಗೈಯಿಂದ ತಲೆ ಒತ್ತಿ ದುಂಡಗೆ ಮಾಡಿ, ಮೂಗು ಎತ್ತಿ, ಬಿಸಿನೀರು ಹುಯ್ಯುತ್ತಾಳೆ. ಹೀಗೆ ಒತ್ತಿದರೆ ತಲೆ ಮೂಗಿನ ಆಕಾರವೇನೂ ಬದಲಾಗುವುದಿಲ್ಲ ಎಂದು ನಾನು ಅವಳೊಡನೆ ವಾದಿಸಿ ಸೋತಿದ್ದೇನೆ.

ಹೋದ ವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸುತ್ತೇವೆ, ಆಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದರು. ಗಂಟು ಕುಗ್ಗತೊಡಗಿತು, ಅಕ್ಕನೂ ಕುಗ್ಗತೊಡಗಿದಳು. ಕೂದಲು ಹೋಗಿದ್ದಕ್ಕೆ ಅವಳು ಅಷ್ಟು ಕೊರಗಲಿಲ್ಲ. ಬೆರಳ ತುದಿಗಳು ಜೋಮು ಹಿಡಿದವು, ಹಿಡಿದದ್ದು ಕೈಯಲ್ಲಿದೆಯೋ ಜಾರಿತೋ ತಿಳಿಯದಾಯಿತು. ಎರೆಯಲು ಕರೆಯಬಂದವರನ್ನು ಅವಳೇ ವಾಪಸು ಕಳಿಸಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ದಿನವೇ.

ಅಕ್ಕನ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದವಳು ನಮ್ಮ ಲ್ಯಾಬಿನವಳೇ. ಪಿಎಚ್‌ಡಿ ಮುಗಿಸಿ ಆಗಷ್ಟೇ ಸೇರಿದ್ದ ಹುಡುಗಿ, ನನ್ನ ಕೈಕೆಳಗೆ ಕೆಲಸ. ಸಂಜೆ ಬಂದು ಅಕ್ಕನ ಹತ್ತಿರ ಕೂತು, ಅಂಗೈ ಅಂಗಾಲು ತಿಕ್ಕಿ, ಗಂಜಿ ಕುಡಿಸಿ ಹೋಗುವಳು. ಕ್ಯಾನ್ಸರ್ ಕೋಶಗಳು ನೆಚ್ಚಿಕೊಂಡಿರುವ ಒಂದು ಶಾಪೆರಾನನ್ನು ಕಟ್ಟಿಹಾಕುವ ರಾಸಾಯನಿಕ ಹುಡುಕುವುದು ನಮ್ಮ ಕೆಲಸ. ಒಂದು ಪುಡಿ ಆ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡ ದಿನ ಲ್ಯಾಬಿನಲ್ಲಿ ಕೇಕ್ ಕತ್ತರಿಸಿದರು. ಹುಡುಗಿ ಒಂದು ತುಂಡನ್ನು ಅಕ್ಕನಿಗೂ ತಂದು, ನಿಮ್ಮ ಕಾಯಿಲೆಗೆ ಮದ್ದು ಸಿಕ್ಕಂತೆಯೇ ಎಂದುಬಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಎಂದರೆ ಇದೇ.

ಮರುದಿನವೇ ಅಕ್ಕ ನನ್ನನ್ನು ಕರೆಸಿದಳು. ಅದೇನು ಹಿಡಿದಿದ್ದೀರಂತಲ್ಲ, ನನಗೂ ಹೇಳು ಎಂದಳು. ಕಂಪನಿ ಬಸ್ಸು ಬರುವ ಹೊತ್ತು. ಬಾಗಿಲಲ್ಲೇ ನಿಂತು ಹೇಳಿದೆ. ಜೀವಕೋಶದಲ್ಲಿ ಪ್ರೋಟೀನು ಹುಟ್ಟುವಾಗ ಉದ್ದನೆಯ ದಾರ ಅಷ್ಟೇ. ಅದು ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ, ಇಲ್ಲವಾದರೆ ಗೋಜಲು. ಹಾಗಾಗದಂತೆ ಹಿಡಿದು ಆಕಾರಕ್ಕೆ ತರುವುದು ಈ ಶಾಪೆರಾನು. ಅದಕ್ಕೆ ಎರಡು ಭಾಗ. ಒಂದು ಎಟಿಪಿ ಎಂಬ ಉರುವಲನ್ನು ಸುಡುವ ಒಲೆ, ಇನ್ನೊಂದು ದಾರವನ್ನು ಹಿಡಿಯುವ ಕೈ. ಕೈಗೆ ಒಂದು ಮುಚ್ಚಳ. ಎಟಿಪಿ ಬಂದು ಕೂತರೆ ಮುಚ್ಚಳ ತೆರೆಯುತ್ತದೆ, ಉರಿದರೆ ಮುಚ್ಚಿಕೊಂಡು ದಾರ ಭದ್ರವಾಗುತ್ತದೆ, ಹೊಸ ಎಟಿಪಿ ಬಂದಾಗ ಬಿಡುತ್ತದೆ.

ಅಕ್ಕನ ಮುಖ ನೋಡಿದರೆ ಒಂದೂ ತಲೆಗೆ ಹೋದಂತಿರಲಿಲ್ಲ. ನೀನು ಕೂಸಿಗೆ ಎರೆಯುತ್ತೀಯಲ್ಲ, ಹಾಗೆ ಎಂದೆ. ತಕ್ಷಣ ಅರ್ಥವಾಯಿತು. ಹಾಗಾದರೆ ಅದು ಒಳ್ಳೆಯದಲ್ಲವೇ, ಅದನ್ನೇಕೆ ಕಟ್ಟಿಹಾಕುತ್ತೀರಿ ಎಂದು ಕೇಳಿದಳು. ಕ್ಯಾನ್ಸರ್ ಕೋಶದಲ್ಲಿ ಕೆಟ್ಟ ಪ್ರೋಟೀನುಗಳೇ ತುಂಬಿರುತ್ತವೆ, ಅದು ಒಳ್ಳೆಯದು ಕೆಟ್ಟದ್ದು ಎಂದು ನೋಡದೆ ಅವನ್ನೂ ಎತ್ತಿ ನಿಲ್ಲಿಸುತ್ತದೆ, ಸಾಯಬೇಕಾದ ಕೋಶವನ್ನು ಸಾಯಲು ಬಿಡುವುದಿಲ್ಲ ಎಂದೆ.

"ಕೂಸು ಯಾರದಾದ್ರೇನು, ಎರೆಯೋಳಿಗೆ ಅದ್ಯಾಕೆ," ಎಂದಳು.

ಆಮೇಲೆ ತನ್ನ ತೀರ್ಮಾನ ಹೇಳಿದಳು. ಇನ್ನು ಕೀಮೋ ಬೇಡ, ನಿಮ್ಮ ಮದ್ದು ಬರುವವರೆಗೆ ಕಾಯುತ್ತೇನೆ, ಆಗ ಬೆರಳಾದರೂ ಉಳಿದಾವು ಎಂದಳು. ಇದು ಇನ್ನೂ ಟ್ಯೂಬಿನೊಳಗಿನ ಮಾತು, ಇಲಿಗೆ ಕೊಡಬೇಕು, ಆಮೇಲೆ ಮನುಷ್ಯರಿಗೆ, ವರ್ಷಗಟ್ಟಲೆ ಹಿಡಿಯುತ್ತದೆ, ಇಂಥ ಹತ್ತು ಮದ್ದಿನಲ್ಲಿ ಒಂಬತ್ತು ನಡುವೆಯೇ ಬಿದ್ದುಹೋಗುತ್ತವೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ನಕ್ಕಳು. "ಹಿತ್ತಲ ಗಿಡ ಮದ್ದಲ್ಲ ಅಂತ ನೀನೇ ಅಂದ್ರೆ ಎಂಗೆ? ಕಂಪನಿಯೋರು ಏಳ್ಬೇಡ ಅಂದಿರ್ತಾರೆ ಬಿಡು."

ಭಾವನ ಬಗ್ಗೆ ಏನು ಹೇಳಲಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮನುಷ್ಯ. ಹೆಂಡತಿ ವಾಂತಿ ಮಾಡುವುದನ್ನು ನೋಡಲಾರದೆ ಸೋತಿದ್ದರು, ಸರಿ ಎಂದುಬಿಟ್ಟರು. ಮುಂದಿನ ಕೀಮೋ ತಪ್ಪಿತು. ಮತ್ತೆರಡು ಸಲ ಹೋಗಿ ಗದರಿದೆ, ಅದೇ ಬಾಗಿಲು, ಅದೇ ಮಾತು. ಅದರ ಮುಂದಿನದೂ ತಪ್ಪಿತು. ಅಕ್ಕನ ಬಾಯಿಹುಣ್ಣು ಮಾಗಿತ್ತು, ಊಟ ಸೇರುತ್ತಿತ್ತು. ಕೀಮೋ ಬಿಟ್ಟರೆ ಯಾರಿಗಾದರೂ ಸೇರುತ್ತದೆ. ನೋಡು, ಈಗಲೇ ಎಷ್ಟು ಗೆಲುವಾಗಿದ್ದೇನೆ ಎನ್ನುವಳು. ನನಗೆ ಅವಳ ಮೇಲೆ ಕೋಪ, ಹುಡುಗಿಯ ಮೇಲೆ ಕೋಪ, ರಾತ್ರಿ ನಿದ್ದೆ ಇಲ್ಲ.

ಅದೇ ವೇಳೆಗೆ ಲ್ಯಾಬಿನಲ್ಲೂ ನನಗೆ ಅನುಮಾನ ಹತ್ತಿತ್ತು. ಆ ಪುಡಿ ಅಂಟಿಕೊಳ್ಳುತ್ತಿದ್ದ ರೀತಿ ಅತಿ ಚೆನ್ನಾಗಿತ್ತು. ಮನುಷ್ಯರ ಪ್ರೋಟೀನನ್ನು ನಾವು ಮನುಷ್ಯರಿಂದ ತೆಗೆಯುವುದಿಲ್ಲ. ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೆಳೆಸಿ, ಒಡೆದು, ನಮಗೆ ಬೇಕಾದ್ದನ್ನು ಶೋಧಿಸಿಕೊಳ್ಳುತ್ತೇವೆ. ಆದರೆ ಬ್ಯಾಕ್ಟೀರಿಯಾಗೂ ತನ್ನದೇ ಶಾಪೆರಾನು ಇದೆ, ನಮ್ಮದರ ದಾಯಾದಿ, ತೂಕವೂ ಹೆಚ್ಚುಕಮ್ಮಿ ಅದರಷ್ಟೇ, ಮಾಮೂಲಿ ಪರೀಕ್ಷೆಯಲ್ಲಿ ಎರಡೂ ಒಂದೇ ಎಂಬಂತೆ ಕಾಣುತ್ತವೆ. ನಮ್ಮದು ಸರಿಯಾಗಿ ಮಡಚಿಕೊಳ್ಳಲಾರದೆ ಒದ್ದಾಡಿದರೆ ಅದು ಬಂದು ತಬ್ಬಿಕೊಳ್ಳುತ್ತದೆ. ಅದನ್ನು ಬಿಡಿಸಲು, ಶೋಧಿಸುವಾಗ ಒಮ್ಮೆ ಎಟಿಪಿ ಬೆರೆಸಿದ ದ್ರಾವಣದಲ್ಲಿ ತೊಳೆಯುವುದು ರೂಢಿ.

ಆ ತೊಳೆಯುವಿಕೆಯನ್ನು ಹುಡುಗಿ ಬಿಟ್ಟಿದ್ದಳು. ಸೋಮಾರಿತನದಿಂದಲ್ಲ, ಯೋಚಿಸಿಯೇ ಬಿಟ್ಟಿದ್ದಳು. ನಮಗೆ ಬೇಕಾದದ್ದೂ ಶಾಪೆರಾನೇ ತಾನೇ, ಎಟಿಪಿ ಕೊಟ್ಟರೆ ಅದರ ಮುಚ್ಚಳವೂ ತೆರೆದು ಆಕಾರ ಕೆಟ್ಟೀತು ಎಂದು ಹೆದರಿದ್ದಳು. ಬೇರೆ ಯಾವ ಪ್ರೋಟೀನಾಗಿದ್ದರೂ ಈ ತಪ್ಪು ಅವಳಿಂದ ಆಗುತ್ತಿರಲಿಲ್ಲ. ಪ್ರೋಟೀನನ್ನು ಚೂರು ಮಾಡಿ ತೂಗಿ ಗುರುತು ಹೇಳುವ ಯಂತ್ರಕ್ಕೆ ಸ್ಯಾಂಪಲ್ ಕೊಡಿಸಿದೆ. ಟ್ಯೂಬಿನಲ್ಲಿ ಇದ್ದದ್ದು ಬಹುಪಾಲು ಬ್ಯಾಕ್ಟೀರಿಯಾದ್ದು. ಪುಡಿ ಅಂಟಿಕೊಂಡದ್ದೂ ಅದಕ್ಕೇ. ಮನುಷ್ಯರದ್ದು ಅಲ್ಲಿ ಹೆಸರಿಗಷ್ಟೇ ಇತ್ತು.

ಹುಡುಗಿ ಬಾತ್‌ರೂಮಿನಲ್ಲಿ ಅತ್ತು ಕಣ್ಣು ಊದಿಸಿಕೊಂಡು ಬಂದಳು. ಕೆಲಸ ಹೋಗುತ್ತದೆಂದು ಅಳುತ್ತಿದ್ದಾಳೆ ಎಂದುಕೊಂಡೆ. ಆಂಟಿಗೆ ಏನು ಹೇಳಲಿ ಮೇಡಂ ಎಂದಳು. ನಾನೇ ಹೇಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಇಷ್ಟು ದಿನ ವಾದದಲ್ಲಿ ಸೋತವಳ ಕೈಗೆ ಯಂತ್ರದ ಸಾಕ್ಷಿ ಸಿಕ್ಕಿತ್ತು.

ಆ ಸಂಜೆಯೇ ಹೋದೆ. ನಾವು ಹಿಡಿದದ್ದು ಮನುಷ್ಯರದ್ದಲ್ಲ, ಬ್ಯಾಕ್ಟೀರಿಯಾದ್ದು, ಅಲ್ಲಿ ಮದ್ದೂ ಇಲ್ಲ ಏನೂ ಇಲ್ಲ, ನಾಳೆಯೇ ಆಸ್ಪತ್ರೆಗೆ ಹೊರಡು ಎಂದೆ. ಭಾವ ತಲೆ ಮೇಲೆ ಕೈಹೊತ್ತು ಕೂತರು. ಅಕ್ಕ ಎದ್ದಳು. ಬೀರುವಿನಿಂದ ಆಸ್ಪತ್ರೆಯ ಫೈಲು ತೆಗೆದು ಮೇಜಿನ ಮೇಲಿಟ್ಟು, ಹೊದ್ದು ಮಲಗಿದಳು.

ಡಾಕ್ಟರು ಗಂಟನ್ನು ಒತ್ತಿ ನೋಡಿದರು. ಮತ್ತೆ ಬೆಳೆದಿದೆ ಎಂದರು. ಮೊದಲಿನ ಔಷಧಿಗೇ ಈಗ ಬಗ್ಗುತ್ತದೆ ಎಂದು ಹೇಳಲಾಗದು, ಹೊಸದಾಗಿ ಸ್ಕ್ಯಾನ್ ಆಗಬೇಕು, ಬೇರೆ ಕಡೆಗೆ ಹರಡಿಲ್ಲದಿದ್ದರೆ ಸಾಕು ಎಂದರು. ಯಾಕಮ್ಮ ಬಿಟ್ಟೆ ಎಂದು ಕೇಳಿದರು. ನನಗೇ ಬೇಡ ಅನ್ನಿಸಿತು ಸಾರ್ ಎಂದಳು ಅಕ್ಕ. ಹುಡುಗಿಯ ಹೆಸರು ಎತ್ತಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, ನೀವು ಇದೇ ಫೀಲ್ಡಿನವರಲ್ಲವೇ, ಒಂದು ಮಾತು ಹೇಳಬಾರದಿತ್ತೇ ಎಂದರು. ಹೇಳಿದೆ ಸಾರ್, ಎಷ್ಟೋ ಸಲ ಹೇಳಿದೆ ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಸ್ಕ್ಯಾನ್ ರೂಮಿನ ಹೊರಗೆ ಬೆಂಚಿನ ಮೇಲೆ ಅಕ್ಕ ತುಂಬ ಹೊತ್ತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಕೂತಿದ್ದಳು. ಭಾವ ಬಿಲ್ಲು ಕಟ್ಟಲು ಹೋಗಿದ್ದರು. ಅವಳು ನನ್ನ ಕಡೆ ನೋಡದೆಯೇ ಮಾತಾಡಿದಳು.

"ನೀನು ಏಳಿದ್ದೆಲ್ಲಾ ನಿಜ ಕಣೆ. ಇಲ್ಲ ಅನ್ನಾಕಿಲ್ಲ. ಆದ್ರೆ ಒಂದಿನಾನೂ ಒಳಕ್ಕೆ ಬಂದು ಕುಂತು ಏಳ್ಲಿಲ್ಲ. ಆ ಉಡ್ಗಿ ಸುಳ್ಳೇ ಏಳಿರ್ಬೋದು, ಕೈ ಇಡ್ಕಂಡು ಏಳಿದ್ಲು. ನಾನು ಕುಂತೋಳ ಮಾತು ನಂಬ್ದೆ."

ಒಳಗಿನಿಂದ ಅವಳ ಹೆಸರು ಕೂಗಿದರು. ಅವಳು ಗೋಡೆ ಹಿಡಿದು ಎದ್ದಳು. ನಾನೂ ಜೊತೆಗೆ ಹೊರಟೆ. ಪೇಷಂಟ್ ಒಬ್ಬರೇ ಬರಬೇಕು ಎಂದು ನರ್ಸ್ ಬಾಗಿಲು ಹಾಕಿಕೊಂಡಳು.